ಭಾನುವಾರದ ಮುಂಬೈಗೆ ಲೋಕಲ್ ದಾರಿ

ಊರಿನಿಂದ ಬಂದ ನೆಂಟರಿಗೆ ಮುಂಬೈ ತೋರಿಸಲು ಥಾಣೆ, ಡೊಂಬಿವಲಿಯ ಕನ್ನಡ ಕುಟುಂಬಗಳು ಹೊರಡುವುದು ಹೆಚ್ಚಾಗಿ ಭಾನುವಾರ. ರೈಲ್ವೆಯವರು ಹಳಿ ದುರಸ್ತಿಗೆ ಇಳಿಯುವುದೂ ಅದೇ ದಿನ. ನಸುಕಿನಿಂದ ನಡುರಾತ್ರಿಯ ಆಚೆಗೂ ಲೋಕಲ್ ಓಡುವ ಊರಿನಲ್ಲಿ ಹಳಿ, ಸಿಗ್ನಲ್, ವಿದ್ಯುತ್ ತಂತಿಗಳ ಕೆಲಸಕ್ಕೆ ವಾರದ ದಿನಗಳಲ್ಲಿ ಬಿಡುವು ಸಿಗುವುದಿಲ್ಲ. ಹಾಗಾಗಿ ಭಾನುವಾರ ಸುಮಾರು ಹನ್ನೊಂದರಿಂದ ನಾಲ್ಕರವರೆಗೆ ಯಾವುದಾದರೊಂದು ಜೋಡಿ ಹಳಿ ಮುಚ್ಚುತ್ತಾರೆ. ಇದೇ ಮೆಗಾಬ್ಲಾಕ್. ಎಲ್ಲಿ, ಎಷ್ಟು ಹೊತ್ತು ಎಂಬುದು ಹಿಂದಿನ ದಿನವೇ ಪ್ರಕಟವಾಗಿರುತ್ತದೆ. ಟಿಕೆಟ್ಟಿನ ಯೋಚನೆಗೂ ಮೊದಲು ಅದನ್ನು ಓದಬೇಕು.

ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ–ಮುಲುಂಡ್ ನಡುವಿನ ಬ್ಲಾಕ್ ಪದೇ ಪದೇ ಬರುವಂಥದ್ದು. ಫಾಸ್ಟ್ ಹಳಿ ಮುಚ್ಚಿದರೆ ಫಾಸ್ಟ್ ಗಾಡಿಗಳು ಸ್ಲೋ ಹಳಿಗೆ ಬಂದು ನಿಧಾನವಾಗುತ್ತವೆ. ಸ್ಲೋ ಹಳಿ ಮುಚ್ಚಿದಾಗ ತೊಂದರೆ ಇನ್ನೂ ಹೆಚ್ಚು. ಫಾಸ್ಟ್ ಹಳಿಗೆ ತಿರುಗಿದ ಗಾಡಿ ವಿದ್ಯಾವಿಹಾರ್, ಕಾಂಜೂರ್‌ಮಾರ್ಗ್, ನಾಹೂರ್‌ಗಳಲ್ಲಿ ನಿಲ್ಲುವುದೇ ಇಲ್ಲ.

ಈ ಬ್ಲಾಕನ್ನು ತಪ್ಪಿಸುವಂತೆ ಇಡೀ ದಿನವನ್ನು ಹೊಂದಿಸಿಕೊಳ್ಳಬಹುದು. ಥಾಣೆಯವರು ಬೆಳಿಗ್ಗೆ ಎಂಟರೊಳಗೆ ಸ್ಲೋ ಲೋಕಲ್ ಹಿಡಿದು ಮಾಟುಂಗಾದಲ್ಲಿ ಇಳಿಯಲಿ. ಫಾಸ್ಟ್ ಅಲ್ಲಿ ನಿಲ್ಲದು. 2017ರಲ್ಲಿ ಪೂರ್ತಿಯಾಗಿ ಮಹಿಳಾ ಸಿಬ್ಬಂದಿಯ ಕೈಗೆ ಬಂದ ನಿಲ್ದಾಣ ಅದು. ಹೊರಗೆ ಬಂದರೆ ಉಡುಪಿ ಹೋಟೆಲುಗಳ ಸಾಲು. 1942ರ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ ಕೂಡ ಇಲ್ಲೇ. ನೆಂಟರಿಗೆ ಮುಂಬೈಯ ಕನ್ನಡದ ಮುಖ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ತಿಂಡಿ ಮುಗಿಸಿ ಮುಂದಿನ ನಿಲ್ದಾಣ ದಾದರ್‌ನಲ್ಲಿ ಸೇತುವೆ ದಾಟಿದರೆ ವೆಸ್ಟರ್ನ್ ಲೈನ್. ಅಲ್ಲಿಂದ ಫಾಸ್ಟ್ ಹಿಡಿದು ಬೊರಿವಲಿ, ರಾಷ್ಟ್ರೀಯ ಉದ್ಯಾನದೊಳಗಿನ ಕಾನ್ಹೇರಿ ಗುಹೆಗಳು. ಮಾಟುಂಗಾದಿಂದ ಬೊರಿವಲಿಗೆ ದಾದರ್ ಮಾರ್ಗವಾಗಿ ಒಂದೇ ಟಿಕೆಟ್ ಸಾಕು. ಲೈನ್ ಬದಲಾಯಿತೆಂದು ಮತ್ತೆ ತೆಗೆಯಬೇಕಿಲ್ಲ. ಸೆಂಟ್ರಲ್‌ನಲ್ಲಿ ಬ್ಲಾಕ್ ನಡೆಯುವ ಮಧ್ಯಾಹ್ನವೆಲ್ಲ ಹೀಗೆ ವೆಸ್ಟರ್ನ್ ಕಡೆ ಕಳೆಯುತ್ತದೆ. ವೆಸ್ಟರ್ನ್‌ನಲ್ಲೂ ಆ ದಿನ ಬ್ಲಾಕ್ ಇದೆಯೇ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು.

ತಡವಾಗಿ ಎದ್ದವರಿಗೂ ದಾರಿಯಿದೆ. ಘಾಟ್ಕೋಪರ್‌ನಲ್ಲಿ ಇಳಿದು 2014ರಲ್ಲಿ ಶುರುವಾದ ಮೆಟ್ರೊದಲ್ಲಿ ಅಂಧೇರಿಗೆ, ಅಲ್ಲಿಂದ ಲೋಕಲ್‌ನಲ್ಲಿ ಬೊರಿವಲಿಗೆ ಹೋಗಬಹುದು. ದಾದರ್‌ವರೆಗೆ ಇಳಿದು ಮತ್ತೆ ಹತ್ತುವ ಸುತ್ತು ತಪ್ಪುತ್ತದೆ, ಮಾಟುಂಗಾದ ಇಡ್ಲಿಯೂ ತಪ್ಪುತ್ತದೆ. ಮೆಟ್ರೊಗೆ ಬೇರೆಯೇ ಟಿಕೆಟ್.

ಇನ್ನು ಹಣದ ಮಾತು. ಲೋಕಲ್‌ನಲ್ಲಿ ದಿನವಿಡೀ ತಿರುಗಾಡಲು ಟೂರಿಸ್ಟ್ ಟಿಕೆಟ್ ಎಂಬುದೊಂದಿದೆ: ಎರಡನೇ ದರ್ಜೆಗೆ ಒಂದು ದಿನಕ್ಕೆ 75 ರೂಪಾಯಿ, ಮೂರು ದಿನಕ್ಕೆ 115, ಐದು ದಿನಕ್ಕೆ 135. ಸೆಂಟ್ರಲ್, ವೆಸ್ಟರ್ನ್, ಹಾರ್ಬರ್ ಮೂರರಲ್ಲೂ ನಡೆಯುತ್ತದೆ. ಆದರೆ ಚರ್ಚ್‌ಗೇಟ್–ಬೊರಿವಲಿ, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್)–ಥಾಣೆಯಂಥ 34 ಕಿಲೋಮೀಟರ್ ದೂರಕ್ಕೇ ಬಿಡಿ ಟಿಕೆಟ್ 15 ರೂಪಾಯಿ. ಮೇಲಿನ ಇಡೀ ಸುತ್ತಾಟದ ಬಿಡಿ ಟಿಕೆಟ್‌ಗಳನ್ನು ಕೂಡಿದರೂ 75 ಮುಟ್ಟದು. ಒಂದೇ ದಿನದವರಿಗೆ ಟೂರಿಸ್ಟ್ ಟಿಕೆಟ್ಟಿನಿಂದ ಉಳಿತಾಯವಿಲ್ಲ, ಉಳಿಯುವುದು ಸಾಲಿನಲ್ಲಿ ನಿಲ್ಲುವ ಹೊತ್ತು. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ಹೊತ್ತಿಗೂ ಬೆಲೆಯಿದೆ. ಶನಿವಾರ, ಭಾನುವಾರ ಎರಡೂ ದಿನ ತಿರುಗುವವರಿಗೆ, ಒಂದು ದಿನದ್ದನ್ನು ಎರಡು ಸಲ ತೆಗೆಯುವುದಕ್ಕಿಂತ ಮೂರು ದಿನದ್ದು ಅಗ್ಗ. ಬಿಡಿ ಟಿಕೆಟ್ ಸಾಕೆನ್ನುವವರಿಗೆ ನಿಲ್ದಾಣದ ಯಂತ್ರಗಳಿವೆ, ಮೊಬೈಲ್ ಆ್ಯಪ್ ಇದೆ.

ಎ.ಸಿ. ಲೋಕಲ್ ವಿಷಯದಲ್ಲಿ ಎಚ್ಚರ ಬೇಕು. ಸೆಕೆಗೆ ಸೋತು, ಎದುರಿಗೆ ಬಂದು ನಿಂತಿತೆಂದು ಎರಡನೇ ದರ್ಜೆಯ ಟಿಕೆಟ್ಟಿನಲ್ಲಿ ಹತ್ತಿದರೆ ಟಿ.ಸಿ. ದಂಡ ಹಾಕುತ್ತಾರೆ.

ಮತ್ತೆ ಸುತ್ತಾಟಕ್ಕೆ ಬಂದರೆ, ಮಧ್ಯಾಹ್ನ ಬೊರಿವಲಿಯಿಂದ ಫಾಸ್ಟ್‌ನಲ್ಲಿ ಚರ್ಚ್‌ಗೇಟ್, ಇಳಿಬಿಸಿಲಿಗೆ ಗೇಟ್‌ವೇ ಆಫ್ ಇಂಡಿಯಾ. ಅಲ್ಲಿಂದ ಹಿಂತಿರುಗಲು ಚರ್ಚ್‌ಗೇಟ್‌ಗೆ ಹೋಗದೆ ಸಿಎಸ್‌ಎಂಟಿಗೆ ಬರುವುದು ಒಳ್ಳೆಯದು. ಬ್ಲಾಕ್ ಅಷ್ಟರಲ್ಲಿ ಮುಗಿದಿರುತ್ತದೆ, ಗಾಡಿ ಅಲ್ಲಿಂದಲೇ ಹೊರಡುವುದರಿಂದ ಸೀಟೂ ಸಿಗುತ್ತದೆ. 1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು, ಸಿಎಸ್‌ಎಂಟಿ ಈಗಿರುವ ಬೋರಿ ಬಂದರ್‌ನಿಂದ ಹೊರಟದ್ದೂ ಥಾಣೆಗೇ ಎಂದು ನೆಂಟರಿಗೆ ಹೇಳಲು ಕೂತು ಹೋಗುವ ಆ ಹೊತ್ತು ಅನುಕೂಲ.