ಗಾಲಿಗೆ ಕಡಿವಾಣ

ಪಡುವಣ ಕಡಲಿಗೂ ಸಹ್ಯಾದ್ರಿಗೂ ನಡುವೆ ಇಕ್ಕಟ್ಟಾಗಿ ಹಬ್ಬಿರುವ ನಾಡು ಉಡುಪಿ ಜಿಲ್ಲೆ. ಅದರ ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಮೂರು ಪಟ್ಟಣಗಳೂ ಕಡಲ ಮಟ್ಟಕ್ಕೆ ಸಮೀಪದಲ್ಲಿವೆ. ಅಲ್ಲಿಂದ ಮೂಡಣ ದಿಕ್ಕಿನ ಮಲೆನಾಡಿಗೆ ಹೊರಟ ವಾಹನವು ಘಟ್ಟವನ್ನು ಏರಲೇಬೇಕು. ಬ್ರಹ್ಮಾವರದಿಂದ ಹೆಬ್ರಿಯ ಮಾರ್ಗವಾಗಿ ಸಾಗಿದರೆ ಆಗುಂಬೆ ಘಾಟಿ. ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಗಳನ್ನು ದಾಟಿದರೆ ಬಾಳೆಬರೆ ಘಾಟಿ. ಬೈಂದೂರಿನಿಂದ ಕೊಲ್ಲೂರನ್ನು ಹಾದು ಹೋದರೆ ನಾಗೋಡಿ ಘಾಟಿ. ಏರುವಾಗ ಪರೀಕ್ಷೆ ಎಂಜಿನ್ನಿನದು, ಇಳಿಯುವಾಗ ಬ್ರೇಕಿನದು. ಎಂಜಿನ್ನು ಏರಲಾರದೆ ನಿಂತರೆ ಪ್ರಯಾಣ ತಡವಾದೀತು, ಅಷ್ಟೆ. ಇಳಿಜಾರಿನಲ್ಲಿ ಬ್ರೇಕು ಸೋತರೆ ಆಗುವ ನಷ್ಟವನ್ನು ತುಂಬಿಕೊಡುವವರು ಯಾರೂ ಇಲ್ಲ.

ಮೋಟಾರು ಬರುವುದಕ್ಕೆ ಮೊದಲೂ ಈ ಚಿಂತೆ ಇತ್ತು. ಎತ್ತಿನ ಗಾಡಿ ಇಳಿಜಾರಿಗೆ ಬಂದಾಗ ಗಾಡಿ ಹೊಡೆಯುವವನು ಗಾಲಿಗಳ ಹಿಂದೆ ಕಟ್ಟಿದ ಅಡ್ಡಮರವನ್ನು ಹಗ್ಗದಿಂದ ಬಿಗಿಯುತ್ತಿದ್ದನು. ಮರವು ಗಾಲಿಯ ಕಬ್ಬಿಣದ ಪಟ್ಟಿಗೆ ಉಜ್ಜಿ ವೇಗವನ್ನು ತಗ್ಗಿಸುತ್ತಿತ್ತು. ಮರ ಸವೆಯುತ್ತಿತ್ತು, ಕೆಲವೊಮ್ಮೆ ಹೊಗೆಯಾಡುತ್ತಿತ್ತು. ಸವೆದ ಮರವನ್ನು ತೆಗೆದು ಬೇರೊಂದನ್ನು ಕಟ್ಟಿದರೆ ತೀರಿತು. ಇಂದಿನ ಕಾರಿನ ಬ್ರೇಕಿನಲ್ಲಿಯೂ ತತ್ತ್ವ ಇದೇ. ತಿರುಗುವ ವಸ್ತುವಿಗೆ ತಿರುಗದ ವಸ್ತುವನ್ನು ಒತ್ತಬೇಕು. ಎರಡರಲ್ಲಿ ಒಂದು ಸವೆಯಬೇಕು. ಸವೆಯಲೆಂದೇ ಇರಿಸಿದ ಆ ವಸ್ತುವಿಗೆ ಬ್ರೇಕ್ ಪ್ಯಾಡ್ ಎಂದು ಹೆಸರು.

ಬ್ರೇಕು ವೇಗವನ್ನು ‘ಇಲ್ಲವಾಗಿಸುತ್ತದೆ’ ಎಂದು ಸಾಮಾನ್ಯವಾಗಿ ಹೇಳುವುದುಂಟು. ಈ ಮಾತು ಸರಿಯಲ್ಲ. ಶಕ್ತಿಗೆ ನಾಶವಿಲ್ಲ, ಅದು ರೂಪವನ್ನಷ್ಟೇ ಬದಲಿಸುತ್ತದೆ. ಸಾವಿರ ಕಿಲೋಗ್ರಾಂ ತೂಕದ ಕಾರು ಗಂಟೆಗೆ 72 ಕಿಲೋಮೀಟರು, ಅಂದರೆ ಸೆಕೆಂಡಿಗೆ 20 ಮೀಟರು ವೇಗದಲ್ಲಿ ಓಡುತ್ತಿದೆಯೆಂದು ಭಾವಿಸೋಣ. ಅದರ ಚಲನಶಕ್ತಿ 2 ಲಕ್ಷ ಜೂಲು. ಕಾರನ್ನು ನಿಲ್ಲಿಸಿದಾಗ ಈ ಶಕ್ತಿಯ ಬಹುಭಾಗವು ಬ್ರೇಕಿನಲ್ಲಿ ಶಾಖವಾಗುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಇದು ದೊಡ್ಡ ಹೊರೆಯಲ್ಲ. ಮುಂದಿನ ತಿರುವು ಬರುವುದರೊಳಗೆ ಗಾಳಿಗೆ ಬ್ರೇಕು ಆರುತ್ತದೆ. ಘಾಟಿಯ ಲೆಕ್ಕವೇ ಬೇರೆ. ಅದೇ ಕಾರು 500 ಮೀಟರು ಎತ್ತರದಿಂದ ಕೆಳಗಿಳಿದರೆ ಸುಮಾರು 49 ಲಕ್ಷ ಜೂಲು ಶಕ್ತಿ ಬಿಡುಗಡೆಯಾಗುತ್ತದೆ. ಹದಿನಾರು ಲೀಟರು ತಣ್ಣೀರನ್ನು, ಎಂದರೆ ದೊಡ್ಡದೊಂದು ಕೊಡದ ತುಂಬ ನೀರನ್ನು, ಕುದಿಯುವ ಮಟ್ಟಕ್ಕೆ ತರಲು ಇಷ್ಟು ಶಾಖ ಸಾಕು. ಚಾಲಕನು ಬ್ರೇಕನ್ನೇ ನಂಬಿ ಇಳಿದರೆ ಅಂಗೈಯಗಲದ ಪ್ಯಾಡುಗಳು ಈ ಶಾಖದ ಬಹುಪಾಲನ್ನು ತಾಳಿಕೊಳ್ಳಬೇಕು. ಕೆಳಗಿನ ಗೇರಿನಲ್ಲಿ ಇಳಿಯಬೇಕೆಂದು ಅನುಭವಸ್ಥರು ಹೇಳುವುದು ಇದಕ್ಕಾಗಿಯೇ. ಆಗ ಎಂಜಿನ್ನೇ ಗಾಲಿಯನ್ನು ಹಿಡಿದಿಡುತ್ತದೆ. ಬ್ರೇಕಿನ ಪಾಲಿಗೆ ಬರುವ ಶಾಖ ಕಡಿಮೆಯಾಗುತ್ತದೆ.

ಪ್ಯಾಡಿಗೆ ಯಾವ ವಸ್ತುವನ್ನು ಬಳಸಬೇಕೆಂಬುದು ಬಹುಕಾಲ ಕಾಡಿದ ಪ್ರಶ್ನೆ. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬಾಕೆ ಪತಿ ಕಾರ್ಲ್ ಬೆಂಜ್ ನಿರ್ಮಿಸಿದ ಮೋಟಾರು ಗಾಡಿಯಲ್ಲಿ ಇಬ್ಬರು ಪುತ್ರರೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಹೊರಟಳು. ನೂರು ಕಿಲೋಮೀಟರಿನಷ್ಟು ದೂರದ ಆ ಪ್ರಯಾಣದ ಇಳಿಜಾರುಗಳಲ್ಲಿ ಮರದ ಬ್ರೇಕುಗಳು ಸವೆದುಹೋದವು. ಆಕೆ ದಾರಿಯಲ್ಲಿ ಸಿಕ್ಕಿದ ಚಮ್ಮಾರನೊಬ್ಬನಿಂದ ಅವುಗಳಿಗೆ ತೊಗಲನ್ನು ಹೊಡೆಸಿಕೊಂಡು ಮುಂದುವರಿದಳು. ಮೋಟಾರು ವಾಹನದ ಬ್ರೇಕಿಗೆ ಪದರ ಹೊದಿಸಿದ ಮೊದಲ ಪ್ರಸಂಗ ಇದೇ ಎಂದು ಹೇಳುತ್ತಾರೆ. 1902ರಲ್ಲಿ ಇಂಗ್ಲೆಂಡಿನ ಲ್ಯಾಂಚೆಸ್ಟರ್ ಎಂಬ ಎಂಜಿನಿಯರು ಡಿಸ್ಕ್ ಬ್ರೇಕಿಗೆ ಹಕ್ಕುಪತ್ರ ಪಡೆದನು. ಅವನ ಪ್ಯಾಡು ತಾಮ್ರದ್ದು; ಲೋಹಕ್ಕೆ ಲೋಹ ಉಜ್ಜಿ ಹೊರಡುವ ಕರ್ಕಶ ಧ್ವನಿಯನ್ನು ಸಹಿಸುವವರಿರಲಿಲ್ಲ. ಬಳಿಕ ಕಲ್ನಾರಿನ ಪದರಗಳು ಬಂದವು. ಕಲ್ನಾರು ಶಾಖಕ್ಕೆ ಅಂಜದು. ಆದರೆ ಅದರ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿದರೆ ಕ್ಯಾನ್ಸರಿಗೆ ಕಾರಣವಾಗುತ್ತದೆಂಬುದು ತಿಳಿಯುವ ಹೊತ್ತಿಗೆ ಅನೇಕ ಕೆಲಸಗಾರರು ಅದರ ಬೆಲೆಯನ್ನು ತೆತ್ತಿದ್ದರು. 1953ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆ ಈ ಬಗೆಯ ಬ್ರೇಕಿಗೆ ಮನ್ನಣೆ ದೊರೆಯಿತು. ಭಾರತದಲ್ಲಿ 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ಕಾರಿನ ಮುಂದಿನ ಗಾಲಿಗಳಿಗೆ ಡಿಸ್ಕ್ ಇದ್ದಿತು. ಹಿಂದಿನವುಗಳಿಗೆ ಹಳೆಯ ಡ್ರಮ್ಮೇ.

ಡಿಸ್ಕು, ಪ್ಯಾಡು, ಕ್ಯಾಲಿಪರು ಎಂಬ ಮಾತುಗಳಿಗೆ ಸಂಸ್ಕೃತದ ಪದಗಳನ್ನು ಕಟ್ಟಬಹುದು. ಆದರೆ ಗ್ಯಾರೇಜಿನಲ್ಲಿ ಅವನ್ನು ಕೇಳುವವರಾರು? ಯಂತ್ರದ ವಿಷಯವನ್ನು ಕನ್ನಡದ ಮಕ್ಕಳಿಗೆ ಕನ್ನಡದಲ್ಲಿಯೇ ಹೇಳಬಹುದೆಂಬುದನ್ನು ಬ್ರಹ್ಮಾವರ–ಕುಂದಾಪುರಗಳ ನಡುವಿನ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಬಾಲಪ್ರಪಂಚ’ದಲ್ಲಿ ಬಹಳ ಹಿಂದೆಯೇ ತೋರಿಸಿಕೊಟ್ಟರು. ಇಲ್ಲಿ ಬಳಕೆಯ ಮಾತುಗಳನ್ನೇ ಉಳಿಸಿಕೊಳ್ಳುವುದು ಲೇಸು.

ಡಿಸ್ಕ್ ಬ್ರೇಕಿನ ರಚನೆ ಸರಳವಾದುದು. ಗಾಲಿಯೊಡನೆ ತಿರುಗುವ ಉಕ್ಕಿನ ಬಣ್ಣದ ದುಂಡು ತಟ್ಟೆಯೇ ಡಿಸ್ಕ್. ಅದರ ಅಂಚನ್ನು ಇಕ್ಕುಳದಂತೆ ಅಪ್ಪಿಕೊಂಡಿರುವುದು ಕ್ಯಾಲಿಪರು. ಕ್ಯಾಲಿಪರಿನೊಳಗೆ ಡಿಸ್ಕಿನ ಎರಡು ಪಕ್ಕಕ್ಕೂ ಒಂದೊಂದು ಪ್ಯಾಡು. ಚಾಲಕನು ಪೆಡಲನ್ನು ಒತ್ತಿದಾಗ ಕೊಳವೆಗಳಲ್ಲಿ ತುಂಬಿರುವ ಬ್ರೇಕ್ ಆಯಿಲ್ ಆ ಒತ್ತಡವನ್ನು ಎಲ್ಲ ಗಾಲಿಗಳಿಗೂ ಸಮನಾಗಿ ಮುಟ್ಟಿಸುತ್ತದೆ. ಪಾಠದಲ್ಲಿ ಕಲಿಯುವ ಪ್ಯಾಸ್ಕಲನ ನಿಯಮವು ಇಲ್ಲಿ ಪ್ರತಿದಿನವೂ ಕೆಲಸ ಮಾಡುತ್ತಿರುತ್ತದೆ. ಕ್ಯಾಲಿಪರಿನ ಪಿಸ್ಟನ್ನು ಮುಂದೆ ಸರಿದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲದಿಂದ ಕ್ಯಾಲಿಪರು ಎರಡು ಸಣ್ಣ ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ.

ಬ್ರೇಕು ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಬ್ರೇಕುಗಳಿಗೆ ದುಡಿಮೆ ಹೆಚ್ಚು. ಆದಕಾರಣ ಹಿಂದಿನ ಪ್ಯಾಡುಗಳನ್ನು ಮರೆಯುವವರೇ ಬಹಳ. ಕರಾವಳಿಯಲ್ಲಿ ಈ ಮರೆವು ಅಪಾಯಕರ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ. ಬೀಸುವ ಗಾಳಿಯಲ್ಲೇ ಉಪ್ಪಿನ ಅಂಶವಿದೆ. ಅದರ ಜೊತೆಗೆ ತಿಂಗಳುಗಟ್ಟಲೆ ಸುರಿಯುವ ಮಳೆ. ಉಪ್ಪು ಮತ್ತು ನೀರು ಕೂಡಿ ಕ್ಯಾಲಿಪರಿನ ಪಿನ್ನುಗಳಿಗೆ ತುಕ್ಕು ಹಿಡಿಸುತ್ತವೆ. ಪಿನ್ನು ಜಾರದೆ ಹೋದರೆ ಒಳಗಿನ ಪ್ಯಾಡು ಒಂದೇ ದುಡಿದು ಬೇಗನೆ ಸವೆಯುತ್ತದೆ. ಹೊರಗಿನಿಂದ ಇಣುಕಿ ನೋಡುವವರಿಗೆ ಕಾಣುವುದು ಹೊರಗಿನ ಪ್ಯಾಡು. ಅದು ದಪ್ಪವಾಗಿಯೇ ಇರುತ್ತದೆ. ಒಳಗಿನದು ಕಾಗದದಷ್ಟು ತೆಳ್ಳಗಾಗಿರಬಹುದು.

ಹೊಸ ಪ್ಯಾಡಿನ ಪದರ ಸಾಮಾನ್ಯವಾಗಿ ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿರುತ್ತದೆ. ಅದು 3 ಮಿಲಿಮೀಟರಿಗೆ ಇಳಿಯುವ ಹೊತ್ತಿಗೆ ಬದಲಿಸುವುದು ಕ್ಷೇಮ. ಕಾರಿನ ಕೈಪಿಡಿ ಹೇಳುವ ಅಳತೆಯೇ ಅಂತಿಮ. ಕೆಲವು ಪ್ಯಾಡುಗಳಲ್ಲಿ ಪದರ ತೆಳುವಾದೊಡನೆ ಡಿಸ್ಕಿಗೆ ತಾಗಿ ಕೀರಲು ಸದ್ದು ಮಾಡುವ ತಗಡಿನ ನಾಲಗೆಯಿರುತ್ತದೆ. ಈ ಸದ್ದಿಗೆ ಕಿವಿಗೊಡದವನಿಗೆ ಮುಂದೆ ಕೇಳಿಸುವುದು ಕಬ್ಬಿಣ ಕಬ್ಬಿಣವನ್ನು ತಿನ್ನುವ ಸದ್ದು. ಆಗ ಡಿಸ್ಕನ್ನೂ ಕೊಳ್ಳಬೇಕಾಗುತ್ತದೆ.

ಉಪಕರಣಗಳೂ ತಾಳ್ಮೆಯೂ ಉಳ್ಳ ವಯಸ್ಕರು ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ವಿದ್ಯಾರ್ಥಿಗಳು ಬಳಿಯಲ್ಲಿದ್ದು ನೋಡಿ ಕಲಿಯಬಹುದೇ ಹೊರತು ಒಬ್ಬರೇ ಕೈಹಾಕತಕ್ಕದ್ದಲ್ಲ. ಮೊದಲು ಹಿಂದಿನ ಗಾಲಿಗಳಲ್ಲಿ ಇರುವುದು ಡಿಸ್ಕೋ ಡ್ರಮ್ಮೋ ಎಂದು ನೋಡಬೇಕು. ನಮ್ಮ ದೇಶದ ಅನೇಕ ಸಣ್ಣ ಕಾರುಗಳಲ್ಲಿ ಹಿಂದೆ ಇರುವುದು ಡ್ರಮ್; ಅದರ ಒಳಗಣ ‘ಶೂ’ಗಳನ್ನು ಬದಲಿಸುವ ಬಗೆ ಬೇರೆ.

ಕಾರನ್ನು ಎತ್ತುವ ನೆಲ ಗಟ್ಟಿಯಾಗಿ ಸಮತಟ್ಟಾಗಿರಬೇಕು. ಮಳೆಗಾಲದ ಅಂಗಳದ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಕರಾವಳಿಯ ಮನೆಗಳ ಬಳಿ ಸುಲಭವಾಗಿ ಸಿಗುವ ಮುರಕಲ್ಲನ್ನು ಕಾರಿನ ಅಡಿಗೆ ಆಧಾರವಾಗಿ ಕೊಡುವವರಿದ್ದಾರೆ, ಇದು ಸಲ್ಲದು. ಗೋಡೆಯಲ್ಲಿ ಹರಡಿದ ಭಾರವನ್ನು ಹೊರುವ ಆ ಕಲ್ಲು ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಸೀಳಿ ಪುಡಿಯಾಗಬಲ್ಲದು. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಅದಕ್ಕಾಗಿ ಉಕ್ಕಿನ ಸ್ಟ್ಯಾಂಡುಗಳೇ ಬೇಕು. ಕಳಚಿದ ಗಾಲಿಯನ್ನೂ ಕಾರಿನ ಅಡಿಗೆ ಮಲಗಿಸಿಟ್ಟರೆ ಇನ್ನಷ್ಟು ಭದ್ರ. ಹಿಂದಿನ ಬ್ರೇಕನ್ನು ಬಿಚ್ಚಲು ಹ್ಯಾಂಡ್‌ಬ್ರೇಕನ್ನು ಸಡಿಲಿಸಬೇಕಾಗುವುದರಿಂದ ಮುಂದಿನ ಗಾಲಿಗಳಿಗೆ ಎರಡು ಕಡೆಗಳಿಂದಲೂ ಮರದ ತುಂಡುಗಳನ್ನು ಬಲವಾಗಿ ಅಡ್ಡಕೊಡಬೇಕು.

ಗಾಲಿಯ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಕೊಂಚ ಸಡಿಲಿಸಿ, ಆಮೇಲೆ ಎತ್ತಿ ಗಾಲಿಯನ್ನು ಕಳಚಬೇಕು. ಒಳಗೆ ಕಪ್ಪು ಧೂಳು ಕಾಣುತ್ತದೆ. ಅದನ್ನು ಬಾಯಿಂದ ಊದಬಾರದು, ಗಾಳಿ ಪಂಪಿನಿಂದ ಹಾರಿಸಲೂಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು. ಅನಂತರ ಕ್ಯಾಲಿಪರಿನ ಬೋಲ್ಟುಗಳನ್ನು ಬಿಚ್ಚಿ ಅದನ್ನು ತೆಗೆದು ಹಗ್ಗದಿಂದ ಮೇಲಕ್ಕೆ ಕಟ್ಟಬೇಕು. ರಬ್ಬರು ಕೊಳವೆಯಿಂದ ಜೋತುಬಿಟ್ಟರೆ ಕೊಳವೆಯ ಒಳಪದರ ಹರಿಯಬಹುದು. ಹಳೆಯ ಪ್ಯಾಡುಗಳನ್ನು ತೆಗೆದು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಬ್ರೇಕಿನ ಚರಿತ್ರೆಯೇ ತಿಳಿಯುತ್ತದೆ. ಎರಡೂ ಸಮನಾಗಿ ಸವೆದಿದ್ದರೆ ಒಳ್ಳೆಯದು. ಇಲ್ಲವಾದರೆ ಪಿನ್ನುಗಳನ್ನು ಹೊರತೆಗೆದು ತುಕ್ಕನ್ನು ಒರೆಸಿ, ಶಾಖಕ್ಕೆ ಕರಗದ ವಿಶೇಷ ಗ್ರೀಸನ್ನು ತೆಳ್ಳಗೆ ಸವರಬೇಕು. ಅದರ ಒಂದು ಹನಿಯೂ ಪ್ಯಾಡಿನ ಮೈಗೆ ತಾಗಕೂಡದು.

ಮುಂದಿನ ಹೆಜ್ಜೆಯಲ್ಲಿ ಹಿಂದಿನ ಬ್ರೇಕಿನ ವೈಶಿಷ್ಟ್ಯವಿದೆ. ಹೊಸ ಪ್ಯಾಡು ದಪ್ಪ. ಅದು ಹಿಡಿಸಬೇಕಾದರೆ ಪಿಸ್ಟನ್ನನ್ನು ಒಳಕ್ಕೆ ತಳ್ಳಬೇಕು. ಮುಂದಿನ ಗಾಲಿಯಲ್ಲಿ ನೇರವಾಗಿ ಅದುಮಿದರಾಯಿತು. ಹಿಂದಿನ ಗಾಲಿಯಲ್ಲಿ ಹ್ಯಾಂಡ್‌ಬ್ರೇಕಿನ ತಿರುಪು ಅನೇಕ ಕಾರುಗಳಲ್ಲಿ ಅದೇ ಪಿಸ್ಟನ್ನಿನೊಳಗೆ ಅಡಗಿರುತ್ತದೆ. ಅಂಥದನ್ನು ಒತ್ತುತ್ತಲೇ ತಿರುಗಿಸಬೇಕು. ಬಲಾತ್ಕಾರದಿಂದ ಅದುಮಿದರೆ ಒಳಗಿನ ತಿರುಪು ಮುರಿದು ಕ್ಯಾಲಿಪರೇ ಕೆಡುತ್ತದೆ. ಗುಂಡಿಯನ್ನು ಒತ್ತಿ ವಿದ್ಯುತ್ತಿನಿಂದ ಹ್ಯಾಂಡ್‌ಬ್ರೇಕು ಹಾಕುವ ಹೊಸ ಕಾರುಗಳಲ್ಲಿ ಮೊದಲು ಅದರ ಮೋಟಾರನ್ನು ಕೈಪಿಡಿಯಲ್ಲಿ ಹೇಳಿದ ಕ್ರಮದಲ್ಲಿ ಹಿಂದಕ್ಕೆ ಸರಿಸದೆ ಏನನ್ನೂ ಮುಟ್ಟಬಾರದು. ಅದಕ್ಕೆ ಬೇಕಾದ ಸಲಕರಣೆ ಇಲ್ಲದವರು ಗ್ಯಾರೇಜಿಗೆ ಹೋಗುವುದೇ ವಿವೇಕ.

ಪಿಸ್ಟನ್ನು ಒಳಸರಿದಾಗ ಬ್ರೇಕ್ ಆಯಿಲ್ ಡಬ್ಬಿಯ ಕಡೆಗೆ ಹಿಂದಿರುಗುತ್ತದೆ. ತುಂಬಿ ಚೆಲ್ಲಿದರೆ ಕಾರಿನ ಬಣ್ಣ ಕಿತ್ತುಬರುತ್ತದೆ. ಈ ದ್ರವಕ್ಕೆ ಇನ್ನೊಂದು ಗುಣವುಂಟು: ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು 230 ಡಿಗ್ರಿ ಸೆಲ್ಸಿಯಸಿಗೆ ಕಡಿಮೆಯಿರಬಾರದೆಂದು ನಿಯಮ. ತೇವ ಹೀರಿದ ಮೇಲೆ ಅದು 155 ಡಿಗ್ರಿಯವರೆಗೂ ಇಳಿಯಬಹುದು. ಘಾಟಿಯ ಶಾಖಕ್ಕೆ ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು ಮೂಡುತ್ತವೆ. ದ್ರವದಂತೆ ಆವಿಯು ಒತ್ತಡವನ್ನು ಸಾಗಿಸದು, ಕುಗ್ಗಿಬಿಡುತ್ತದೆ. ಪೆಡಲು ಸೀದಾ ಕೆಳಗಿಳಿಯುತ್ತದೆ, ಕಾರು ನಿಲ್ಲುವುದಿಲ್ಲ. ಪ್ಯಾಡು ಹೊಸದಾಗಿದ್ದೂ ದ್ರವ ಹಳೆಯದಾದರೆ ಸಂಭವಿಸಬಹುದಾದ ವಿಪತ್ತು ಇದು.

ಹೊಸ ಪ್ಯಾಡುಗಳನ್ನು ಕೂರಿಸಿ, ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಬಿಗಿದು, ಮತ್ತೊಂದು ಪಕ್ಕದ ಗಾಲಿಗೂ ಅದೇ ಕೆಲಸವನ್ನು ಮಾಡಬೇಕು. ಒಂದು ಪಕ್ಕ ಹೊಸದು, ಇನ್ನೊಂದು ಪಕ್ಕ ಹಳೆಯದಾದರೆ ಬ್ರೇಕು ಹಾಕಿದಾಗ ಕಾರು ಒಂದು ಕಡೆಗೆ ಎಳೆಯಬಹುದು.

ಕೆಲಸ ಮುಗಿಯಿತೆಂದು ಕಾರನ್ನು ಚಾಲೂ ಮಾಡಿ ಹೊರಟುಬಿಡುವವರು ಒಂದು ಸಂಗತಿಯನ್ನು ಮರೆತಿರುತ್ತಾರೆ. ಪಿಸ್ಟನ್ನುಗಳು ಈಗ ಒಳಗೆ ಸರಿದಿವೆ. ಅವುಗಳಿಗೂ ಪ್ಯಾಡಿಗೂ ನಡುವೆ ತೆರಪಿದೆ. ಮೊದಲ ಸಲ ಒತ್ತಿದಾಗ ಪೆಡಲು ತಳದವರೆಗೆ ಇಳಿಯುತ್ತದೆ, ಬ್ರೇಕು ಹಿಡಿಯುವುದಿಲ್ಲ. ಇಳಿಜಾರಾದ ಅಂಗಳದಿಂದ ಹೊರಟ ಕಾರು ಎದುರಿನ ಪಾಗಾರಕ್ಕೋ ಆಡುವ ಮಗುವಿಗೋ ಬಡಿಯಲು ಅಷ್ಟೇ ಸಾಕು. ಆದುದರಿಂದ ಕಾರು ಒಂದಂಗುಲವೂ ಕದಲುವ ಮೊದಲು, ಪೆಡಲು ಗಟ್ಟಿಯಾಗಿ ನಿಲ್ಲುವವರೆಗೂ ಅದನ್ನು ಮತ್ತೆ ಮತ್ತೆ ಮೆಲ್ಲಗೆ ತುಳಿಯಬೇಕು. ಬಳಿಕ ಡಬ್ಬಿಯಲ್ಲಿ ದ್ರವದ ಮಟ್ಟವನ್ನು ನೋಡಿ, ಜನರಿಲ್ಲದ ಸಮತಟ್ಟು ದಾರಿಯಲ್ಲಿ ನಡಿಗೆಯ ವೇಗದಿಂದ ಪರೀಕ್ಷೆ ಆರಂಭಿಸಬೇಕು.

ಹೊಸ ಪ್ಯಾಡಿನ ಮೈ ಡಿಸ್ಕಿನ ಮೈಗೆ ಹೊಂದಿಕೊಳ್ಳಲು ಕೆಲವು ದಿನಗಳು ಬೇಕು. ಅಲ್ಲಿಯವರೆಗೆ ಹಿತವಾದ ವೇಗದಲ್ಲಿ ಓಡಿಸಿ, ನಡುನಡುವೆ ಹದವಾಗಿ ಬ್ರೇಕು ಹಾಕುತ್ತ, ಆರಲು ಬಿಡಬೇಕು. ಒಂದು ಸುತ್ತು ಓಡಿದ ಮೇಲೆ ಗಾಲಿಯ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ಎರಡು ಹಿಂಗಾಲಿಗಳ ಪೈಕಿ ಒಂದರ ಬಳಿ ಮಾತ್ರ ಹೆಚ್ಚು ಬಿಸಿಯೋ ಸುಟ್ಟ ವಾಸನೆಯೋ ತೋರಿದರೆ ಆ ಪಕ್ಕದ ಪಿನ್ನು ಇನ್ನೂ ಹಿಡಿದುಕೊಂಡಿದೆಯೆಂದು ಅರ್ಥ. ಅದನ್ನು ಪುನಃ ಬಿಚ್ಚಲೇಬೇಕು. ಎಲ್ಲವೂ ಸರಿಯಿದೆಯೆಂದು ಖಚಿತವಾದ ಮೇಲೆ ಆಗುಂಬೆಗಾಗಲಿ ಬಾಳೆಬರೆಗಾಗಲಿ ನಾಗೋಡಿಗಾಗಲಿ ಹೋಗಿಬರಬಹುದು, ಇಳಿಯುವಾಗ ಎರಡನೆಯ ಗೇರಿನಲ್ಲಿ.