ಪೇಟೆಂಟಿನ ಪರಭಾರೆಯೂ ದೇವನಹಳ್ಳಿಯ ಚಕ್ಕೋತವೂ

ವಿಜಯನಗರ ಕಾಲದ ತಾಮ್ರಶಾಸನಗಳಲ್ಲಿ, ಧಾರಾಪೂರ್ವಕವಾಗಿ ಭೂಮಿಯನ್ನು ಪಡೆದವನು ಅದನ್ನು ದಾನ, ಆಧಿ, ವಿಕ್ರಯ, ವಿನಿಮಯಗಳಿಗೆ ಸಲ್ಲಿಸಬಹುದೆಂಬ ಮಾತು ಬರುವುದುಂಟು. ಪೇಟೆಂಟೆಂಬ ಅಮೂರ್ತ ಸ್ವತ್ತಿಗೂ ಬಹುಮಟ್ಟಿಗೆ ಇದೇ ಸ್ವಾತಂತ್ರ್ಯವಿದೆ; ಆದರೆ ಇಲ್ಲಿ ಬಾಯಿಮಾತು ಸಲ್ಲದು. 1970ರ ಪೇಟೆಂಟು ಅಧಿನಿಯಮದ 68ನೆಯ ಪ್ರಕರಣದ ಮೇರೆಗೆ, ಪರಭಾರೆಯ ಕರಾರು ಎಲ್ಲ ನಿಬಂಧನೆಗಳನ್ನೂ ಒಳಗೊಂಡು ವಿಧ್ಯುಕ್ತವಾಗಿ ಬರೆದುಕೊಟ್ಟ ಪತ್ರವಾಗಿರತಕ್ಕದ್ದು. ಪಡೆದವನು ತನ್ನ ಹೆಸರನ್ನು ಪೇಟೆಂಟು ದಾಖಲೆಯಲ್ಲಿ ಏರಿಸಿಕೊಳ್ಳಬೇಕು; ಹಾಗೆ ನೋಂದಣಿಯಾಗದ ಪತ್ರವು ಸಾಮಾನ್ಯವಾಗಿ ಒಡೆತನಕ್ಕೆ ಸಾಕ್ಷ್ಯವೆನಿಸದು.

ದೇವನಹಳ್ಳಿಯ ಚಕ್ಕೋತದ ಸ್ಥಿತಿ ಬೇರೆ. ಆ ಹೆಸರು ಭೌಗೋಳಿಕ ಸೂಚಕವಾಗಿ ನೋಂದಣಿಗೊಂಡಿದೆ. ಇದನ್ನೂ ಪೇಟೆಂಟೆಂದು ಕರೆಯುವವರುಂಟು. ಆ ಬಳಕೆ ಸಾಧುವಲ್ಲ. ಏಕೆಂದರೆ 1999ರ ಭೌಗೋಳಿಕ ಸೂಚಕ ಅಧಿನಿಯಮದ 24ನೆಯ ಪ್ರಕರಣವು ಈ ಹಕ್ಕಿನ ಪರಭಾರೆ, ಲೈಸೆನ್ಸು, ಅಡಮಾನಗಳನ್ನು ನಿಷೇಧಿಸಿದೆ. ಅಧಿಕೃತ ಬಳಕೆದಾರನು ಮೃತನಾದಲ್ಲಿ ಮಾತ್ರ ಅವನ ಹಕ್ಕು ವಾರಸುದಾರನಿಗೆ ಸಲ್ಲುತ್ತದೆ.

2008ರಲ್ಲಿ ವಿಮಾನ ನಿಲ್ದಾಣವು ತೆರೆದ ಈ ತಾಲ್ಲೂಕಿನಲ್ಲಿ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಚಕ್ಕೋತದ ತೋಟವನ್ನು ಕೊಂಡವನು ಕ್ರಯಪತ್ರದಿಂದ ನೆಲಕ್ಕೂ ಮರಗಳಿಗೂ ಒಡೆಯನಾದಾನು. ಅಧಿಕೃತ ಬಳಕೆದಾರನೆನಿಸಲು ತಾನೇ ಬೆಳೆಗಾರನಾಗಿ ಹೊಸದಾಗಿ ಅರ್ಜಿ ಸಲ್ಲಿಸಬೇಕು. ಮಾರಿದವನಾದರೋ, ಅದೇ ಮರದ ಕಸಿಯನ್ನು ದೂರದ ಸೀಮೆಯಲ್ಲಿ ನೆಟ್ಟು ಬೆಳೆಸಿದರೂ, ಅಲ್ಲಿಯ ಹಣ್ಣನ್ನು ದೇವನಹಳ್ಳಿಯ ಚಕ್ಕೋತವೆಂದು ಮಾರುವಂತಿಲ್ಲ.