‘ಸಾಲೊಮನ್ನನ ಗಣಿಗಳು’: ಚಲನಚಿತ್ರ ಮತ್ತು ಇತಿಹಾಸ

‘ಕಿಂಗ್ ಸಾಲೊಮನ್ಸ್ ಮೈನ್ಸ್’ ಎಂಬ ಹಾಲಿವುಡ್ ಚಿತ್ರವು 1950ರಲ್ಲಿ ತೆರೆಕಂಡಿತು. ಕಾಣೆಯಾದ ಪತಿಯನ್ನರಸಿ ಹೊರಟ ಆಂಗ್ಲ ಮಹಿಳೆಯು ಬೇಟೆಗಾರ ಕ್ವಾಟರ್‌ಮೇನನ ನೆರವಿನಿಂದ ಆಫ್ರಿಕದ ಅಜ್ಞಾತ ಪ್ರದೇಶವನ್ನು ಹೊಕ್ಕು, ವಜ್ರಗಳಿರುವ ಗುಹೆಯನ್ನು ಸೇರುವುದೇ ಇದರ ವಸ್ತು. ಡೆಬೊರಾ ಕೆರ್ ಮತ್ತು ಸ್ಟೂವರ್ಟ್ ಗ್ರೇಂಜರ್ ಇದರ ಮುಖ್ಯ ನಟರು. ಛಾಯಾಗ್ರಹಣ ಮತ್ತು ಸಂಕಲನಗಳಿಗಾಗಿ ಇದು ಆಸ್ಕರ್ ಪ್ರಶಸ್ತಿಗಳನ್ನು ಪಡೆಯಿತು. ಕೀನ್ಯಾ, ಉಗಾಂಡ, ಟಾಂಗನ್ಯೀಕ ಮೊದಲಾದೆಡೆಗಳಲ್ಲಿಯೇ ಚಿತ್ರೀಕರಣ ನಡೆದುದರಿಂದ ಅರಣ್ಯ, ಪ್ರಾಣಿ, ಜನರೆಲ್ಲರೂ ಇಲ್ಲಿ ನಿಜವಾದವರೇ. ನೆಲವು ನಿಜವಾದುದರಿಂದ ಕಥೆಯ ತಳಹದಿಯೂ ನಿಜವಿರಬೇಕೆಂಬ ಭಾವನೆ ಪ್ರೇಕ್ಷಕನಲ್ಲಿ ಸಹಜವಾಗಿಯೇ ಮೂಡುತ್ತದೆ. ಇತಿಹಾಸದ ವಿದ್ಯಾರ್ಥಿಯು ಎಚ್ಚರ ವಹಿಸಬೇಕಾದುದು ಇಲ್ಲಿಯೇ.

ಚಿತ್ರದ ಮೂಲ ರೈಡರ್ ಹ್ಯಾಗರ್ಡನ 1885ರ ಕಾದಂಬರಿ. ಅದಕ್ಕೆ ಹದಿನಾಲ್ಕು ವರ್ಷ ಮೊದಲು, 1871ರಲ್ಲಿ, ಜರ್ಮನ್ ಪರ್ಯಟಕ ಕಾರ್ಲ್ ಮೌಖನು ದಕ್ಷಿಣ ಆಫ್ರಿಕದ ಒಳನಾಡಿನಲ್ಲಿ ‘ಮಹಾ ಜಿಂಬಾಬ್ವೆ’ಯ ಶಿಲಾವಶೇಷಗಳನ್ನು ಕಂಡನು. ಗಾರೆಯಿಲ್ಲದೆ ಕಟ್ಟಿದ, ಸುಮಾರು 11 ಮೀಟರು ಎತ್ತರದ ಗೋಡೆಗಳನ್ನು ನೋಡಿ, ಅವು ಶೀಬಾ ರಾಣಿಗೂ ಸಾಲೊಮನ್ನನಿಗೂ ಸಂಬಂಧಿಸಿದವೆಂದು ಆತನು ಊಹಿಸಿದನು. ಆಫ್ರಿಕನ್ನರು ಇಂತಹ ಕಟ್ಟಡವನ್ನು ನಿರ್ಮಿಸಲಾರರೆಂಬ ಪೂರ್ವಗ್ರಹವೇ ಇಂತಹ ಊಹೆಗಳಿಗೆ ಆಧಾರ.

ಉತ್ಖನನಗಳು ಇದನ್ನು ಸುಳ್ಳೆಂದು ತೋರಿಸಿದವು. 1905ರಲ್ಲಿ ರಾಂಡಲ್ ಮ್ಯಾಕೈವರ್, 1929ರಲ್ಲಿ ಗರ್ಟ್ರೂಡ್ ಕೇಟನ್ ಥಾಮ್ಸನ್ ಇವರು ಅವಶೇಷಗಳು ಮಧ್ಯಯುಗದವೆಂದೂ ಆಫ್ರಿಕನ್ನರ ನಿರ್ಮಾಣವೆಂದೂ ಪ್ರತಿಪಾದಿಸಿದರು. ಈಗ ಅವುಗಳ ಕಾಲವನ್ನು ಕ್ರಿ.ಶ. 11ರಿಂದ 15ನೆಯ ಶತಮಾನವೆಂದೂ ನಿರ್ಮಾಪಕರನ್ನು ಶೋನಾ ಜನರ ಪೂರ್ವಿಕರೆಂದೂ ನಿರ್ಣಯಿಸಲಾಗಿದೆ. ಸಾಲೊಮನ್ನನಾದರೋ ಕ್ರಿ.ಪೂ. 10ನೆಯ ಶತಮಾನದವನು; ನಡುವಣ ಅಂತರ ಎರಡು ಸಾವಿರ ವರ್ಷಗಳು! ಅಲ್ಲಿ ದೊರೆತ ಚೀನೀ ಪಾತ್ರೆಗಳ ಚೂರುಗಳೂ ಭಾರತದ ಗಾಜಿನ ಮಣಿಗಳೂ ಸಾರುವುದು ಬೇರೊಂದು ಸಂಗತಿಯನ್ನು: ಆ ಪ್ರಾಂತದ ಚಿನ್ನವು ಪೂರ್ವ ಕರಾವಳಿಯ ಮೂಲಕ ಹಿಂದೂ ಮಹಾಸಾಗರದ ವ್ಯಾಪಾರಕ್ಕೆ ಸೇರುತ್ತಿದ್ದಿತು.

ಇದು ಕೇವಲ ವಿದ್ವಾಂಸರ ವಿವಾದವಲ್ಲ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅವಶೇಷಗಳ ಮೇಲ್ವಿಚಾರಕನಾಗಿದ್ದ ರಿಚರ್ಡ್ ಹಾಲನು ಪ್ರಾಚೀನ ವಿದೇಶೀಯರ ಕುರುಹುಗಳನ್ನು ಹುಡುಕುವ ಭರದಲ್ಲಿ ಅಮೂಲ್ಯವಾದ ಮಣ್ಣಿನ ಸ್ತರಗಳನ್ನು ತೆಗೆದುಹಾಕಿದನು. ಮುಂದೆ ರೊಡೇಶಿಯದ ಬಿಳಿಯರ ಸರಕಾರವೂ ಆಫ್ರಿಕನ್ ಮೂಲದ ವಾದವನ್ನು ಅಡಗಿಸಲೆಳಸಿತು. 1980ರಲ್ಲಿ ಸ್ವತಂತ್ರವಾದ ರಾಷ್ಟ್ರವು ತನಗೆ ‘ಜಿಂಬಾಬ್ವೆ’ ಎಂಬ ಹೆಸರನ್ನೇ ಆರಿಸಿಕೊಂಡಿತು.

ಚಿತ್ರವನ್ನು ನೋಡಬಾರದೆಂದು ಇದರ ಅರ್ಥವಲ್ಲ. ತರಗತಿಯಲ್ಲಿ ಅದನ್ನು ತೋರಿಸುವ ಅಧ್ಯಾಪಕರು, ಆ ಗಣಿಗಳಿಗೆ ಸಾಲೊಮನ್ನನ ಹೆಸರೇ ಏಕೆ ಬೇಕಾಯಿತೆಂಬ ಪ್ರಶ್ನೆಯನ್ನೂ ವಿದ್ಯಾರ್ಥಿಗಳ ಮುಂದಿಡುವುದು ಉಚಿತ.